ಗೇಟು ಬಿದ್ದ ಊರು

ಆ ಊರನ್ನು ಉದ್ದಕ್ಕೆ ಸೀಳಿಕೊಂಡು ಒಂದು ರೈಲುದಾರಿ ಹೋಗುತ್ತಿತ್ತು. ದೊಡ್ಡ ದಾರಿಯಲ್ಲ. ದೊಡ್ಡ ದಾರಿಯಿಂದ ಎಲ್ಲೋ ಕವಲೊಡೆದು, ಬೆಟ್ಟ ಕಡಿದು ಮಾಡಿದ ಇಕ್ಕಟ್ಟಿನಿಂದ ಹೊರಬಿದ್ದು, ಊರ ನಡುವೆ ಹಾದು, ಕೆರೆಯ ತಿರುವಿನಲ್ಲಿ ಮರೆಯಾಗುವ ಕವಲು ದಾರಿ. ಅದರ ಒಂದು ಮಗ್ಗುಲಿಗೆ ಈಚೆಯವರು, ಇನ್ನೊಂದು ಮಗ್ಗುಲಿಗೆ ಆಚೆಯವರು. ಆಚೆಯವರೂ ತಮ್ಮನ್ನು ತಾವು ಈಚೆಯವರೆಂದೇ ಕರೆದುಕೊಳ್ಳುತ್ತಿದ್ದರು. ಆದ್ದರಿಂದ ಈ ಕತೆ ಹೇಳುವವರು ತಾವು ಎಲ್ಲಿ ನಿಂತಿದ್ದೇವೆಂದು ಮೊದಲೇ ಹೇಳಿಬಿಡಬೇಕು. ನಾವು ಬೊಂಬೆಗಾರ್ತಿಯ ಪಕ್ಕದಲ್ಲಿ ನಿಂತಿದ್ದೇವೆ. ಅವಳು ನಿಂತ ಕಡೆಯೇ ಈಚೆ.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಗೇಟು ಬಿದ್ದ ಮೇಲೆ ರೈಲು ಹೋಗುವ ತನಕ ಯಾರೂ ದಾಟಬಾರದು. ಇದೇನು ಮಹಾ, ಎಲ್ಲ ಊರಿನಲ್ಲೂ ಇರುವುದೇ ಎನ್ನುತ್ತೀರಿ. ಹೌದು. ಆದರೆ ಬೇರೆ ಊರುಗಳಲ್ಲಿ ರೈಲು ಹೋಗುತ್ತದೆ.

ಒಂದು ಸಂಜೆ ಗಂಟೆ ಹೊಡೆಯಿತು. ಈಚೆಯ ಗೇಟನ್ನು ಗೇಟಿನವನು ಇಳಿಸಿದ. ಆಚೆಯ ಗೇಟನ್ನು ಅವನ ಹೆಂಡತಿ ಇಳಿಸಿದಳು. ಜನ ಎರಡೂ ಕಡೆ ನಿಂತರು. ರೈಲು ಬರಲಿಲ್ಲ. ಮಾರನೆಯ ಸಂಜೆಯೂ ಬರಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ದೊಡ್ಡವರು ಕೂತು, ಈ ಕವಲು ಸಾಕು ಅಂದುಬಿಟ್ಟರಂತೆ. ಆಮೇಲೆ ಪರವೂರಿನ ಆಳುಗಳು ದಾರಿಯ ಉದ್ದಕ್ಕೆ ನಡೆದು ಬಂದು ಹಳಿ ಕಿತ್ತು ಹೊತ್ತೊಯ್ದರು. ಅವರು ದಾಟಲಿಲ್ಲ, ಉದ್ದಕ್ಕೆ ಬಂದವರು ಉದ್ದಕ್ಕೇ ಹೋದರು. ಹಳಿ ಹೋಯಿತು, ಜಲ್ಲಿ ಉಳಿಯಿತು, ಜಲ್ಲಿಯ ನಡುವೆ ಹುಲ್ಲು ಬಂತು. ಗೇಟು ಮಾತ್ರ ಬಿದ್ದಲ್ಲೇ ಬಿದ್ದಿತ್ತು, ಏಕೆಂದರೆ ರೈಲು ಇನ್ನೂ ಹೋಗಿರಲಿಲ್ಲ.

ಸುತ್ತಿ ಬಳಸಿ ಹೋಗಬಹುದಿತ್ತಲ್ಲ ಎಂದು ಕೇಳುತ್ತೀರಿ. ಹಾಗೆ ಹೊರಟವನೊಬ್ಬ ಇದ್ದ. ದಾರಿಯ ಕೊನೆ ಸಿಕ್ಕಲ್ಲಿ ಆಚೆಗೆ ತಿರುಗುತ್ತೇನೆ ಎಂದು ಹೋದವನು ಬಹುಕಾಲದ ಮೇಲೆ, ಮೆಟ್ಟು ಸವೆದು, ಈಚೆಗೇ ವಾಪಸು ಬಂದ. ಕೊನೆ ಸಿಕ್ಕಿತೇ ಎಂದರೆ, ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ ಎಂದ. ಅವನನ್ನು ಮತ್ತೆ ಯಾರೂ ಕೇಳಲಿಲ್ಲ.

ಹಾಗಾಗಿ ಪ್ರತಿ ಸಂಜೆ ರೈಲಿನ ಹೊತ್ತಿಗೆ ಊರಿಗೆ ಊರೇ ಬಂದು ಎರಡೂ ಗೇಟುಗಳ ಬಳಿ ನಿಲ್ಲುತ್ತಿತ್ತು. ಈಚೆಯ ಯಜಮಾನ ಕೇಳುತ್ತಿದ್ದ, “ಹೋಯಿತೇ?” ಗೇಟಿನವನು ಹೇಳುತ್ತಿದ್ದ, “ಹೋಗಿಲ್ಲ.” ಆಚೆಯಿಂದಲೂ ಅದೇ ಪ್ರಶ್ನೆ, ಅದೇ ಉತ್ತರ ಕೇಳಿಸುತ್ತಿತ್ತು. ಜನ ತಲೆಯಾಡಿಸಿ ಮನೆಗೆ ಹೋಗಿ ಅಡುಗೆಗೆ ಇಡುತ್ತಿದ್ದರು. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನಿತ್ಯ ಮಾಡುವ ಕೆಲಸ ಯಾರಿಗೆ ತಾನೇ ವಿಚಿತ್ರ ಅನ್ನಿಸುತ್ತದೆ.

ಮಾತು ದಾಟಬಹುದಿತ್ತು. ನಾಯಿ, ಕಾಗೆ, ಹೊಗೆ, ಎಸೆದ ಗಂಟು, ಇವೆಲ್ಲ ದಾಟಬಹುದಿತ್ತು. ಮನುಷ್ಯರು ಮಾತ್ರ ಕೂಡದು. ಈಚೆಯ ಗಂಡಿಗೂ ಆಚೆಯ ಹೆಣ್ಣಿಗೂ ಒಂದು ಮದುವೆ ಕೂಡ ಆಯಿತು. ಹಾರಗಳನ್ನು ಎಸೆದರು, ಒಂದು ಬೇಲಿಗೆ ಸಿಕ್ಕಿಕೊಂಡಿತು. ಅವರ ಸಂಸಾರ ಕೂಗಿನಲ್ಲೇ ನಡೆಯಿತು, ಜಗಳಕ್ಕೇನೂ ಕೊರತೆಯಾಗಲಿಲ್ಲ. ದಾರಿ ಎತ್ತರದ ಏರಿಯ ಮೇಲಿತ್ತು, ಗೇಟುಗಳು ಎರಡು ಕಡೆಯ ತಗ್ಗಿನಲ್ಲಿದ್ದವು. ಹೀಗಾಗಿ ಒಬ್ಬರಿಗೊಬ್ಬರು ಎದೆಯಿಂದ ಮೇಲೆ ಮಾತ್ರ ಕಾಣುತ್ತಿದ್ದರು. ಆ ಗಂಡಿಗೆ ತನ್ನ ಹೆಂಡತಿಯ ಕಾಲು ಹೇಗಿದೆ ಎಂದು ಎಷ್ಟೋ ಕಾಲ ಗೊತ್ತಾಗಲಿಲ್ಲ.

ಬೊಂಬೆಗಾರ್ತಿ ಗೇಟು ಬಿದ್ದ ಸಂಜೆ ಹಿಟ್ಟು ಬೀಸಿಸಿಕೊಳ್ಳಲು ಈಚೆಯ ಗಿರಣಿಗೆ ಬಂದಿದ್ದಳು. ಹಾಲು ಕುಡಿಯುವ ಮಗಳನ್ನು ಆಚೆಯ ನೆರೆಯವಳ ಮಡಿಲಲ್ಲಿ ಬಿಟ್ಟು, ಈಗ ಬಂದೆ ಎಂದು ಹೇಳಿ ಬಂದಿದ್ದಳು. ಹಿಟ್ಟಿನ ಡಬ್ಬ ಹೊತ್ತು ಗೇಟಿಗೆ ಬಂದಾಗ ಗೇಟು ಬಿದ್ದಿತ್ತು. ರೈಲು ಹೋಗಲಿ ಎಂದು ಡಬ್ಬ ಇಳಿಸಿ ನಿಂತಳು. ಎದೆಯ ಹಾಲು ಸೋರಿ ರವಿಕೆ ನೆನೆಯಿತು. ಆಚೆ ಮಗು ಅಳುವುದು ಕೇಳಿಸುತ್ತಿತ್ತು.

ಬೊಂಬೆಗಾರ್ತಿ ಈಚೆಯೇ ಒಂದು ಮನೆ ಮಾಡಿಕೊಂಡಳು, ಮಗಳು ಆಚೆಯೇ ಬೆಳೆದಳು. ನೆರೆಯವಳು ಒಳ್ಳೆಯವಳು, ಮಗುವನ್ನು ದಿನಾ ಸಂಜೆ ಎತ್ತಿ ತೋರಿಸುತ್ತಿದ್ದಳು. ಮಗಳು ಮೊದಲು ನೆರೆಯವಳ ಹೆಗಲ ಮೇಲೆ ಕಂಡಳು, ಆಮೇಲೆ ಕೆಲವು ಕಾಲ ಕಾಣಲೇ ಇಲ್ಲ, ಏರಿಯ ಮರೆಯಿಂದ ಬರಿಯ ದನಿ ಬರುತ್ತಿತ್ತು. ಆಮೇಲೆ ಒಂದು ದಿನ ನೆತ್ತಿ ಕಂಡಿತು, ಮತ್ತೊಂದು ದಿನ ಹಣೆ, ಮತ್ತೊಂದು ದಿನ ಮೂಗು. ಹೀಗೆ ಬೊಂಬೆಗಾರ್ತಿಯ ಮಗಳು ಏರಿಯ ಹಿಂದಿನಿಂದ ಸೂರ್ಯನ ಹಾಗೆ ಹುಟ್ಟಿ ಬಂದಳು. ಆಚೆಯಲ್ಲೇ ಮದುವೆಯಾಯಿತು. ಬೊಂಬೆಗಾರ್ತಿ ಅಕ್ಷತೆ ಎಸೆದಳು. ಅರ್ಧ ಏರಿಯ ಮೇಲೆ ಬಿತ್ತು, ಅದನ್ನು ಕಾಗೆಗಳು ತಿಂದವು. ಆ ದಿನ ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಒಂದು ಸಂಜೆ ಮಗಳು ಕೂಗಿದಳು, “ಅಮ್ಮಾ, ಒಂದಿಷ್ಟು ಹುಣಸೆಕಾಯಿ ಎಸಿ.”

ಬೊಂಬೆಗಾರ್ತಿ ಅವಳ ಮುಖ ನೋಡಿದಳು. ಹೊಟ್ಟೆ ಕಾಣುವ ಹಾಗಿರಲಿಲ್ಲ, ಆದರೆ ಮುಖ ಸಾಕಿತ್ತು. “ಎಷ್ಟನೇ ತಿಂಗಳೇ?” ಎಂದು ಕೂಗಿದಳು. ಊರೆಲ್ಲ ನಕ್ಕಿತು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಚೊಚ್ಚಲ ಬಾಣಂತನ ತವರಿನದು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಗಳು ತವರಿಗೆ ಬರಬೇಕು, ತಾಯಿ ಬಿಸಿನೀರು ಹಾಕಬೇಕು, ಸೊಂಟಕ್ಕೆ ಬಿಗಿಯಾಗಿ ಸೀರೆ ಕಟ್ಟಬೇಕು, ಸಾಂಬ್ರಾಣಿ ಹೊಗೆ ಹಿಡಿಯಬೇಕು. ಕೂಗಿ ಮಾಡುವ ಕೆಲಸವೇ ಅಲ್ಲ ಇದು. ಹೆತ್ತರೂ ಕೈಯಾರೆ ಬೆಳೆಸದ ಮಗಳನ್ನು ಈ ಒಂದು ಸಲವಾದರೂ ಮುಟ್ಟಬೇಕೆಂದು ಬೊಂಬೆಗಾರ್ತಿಗೆ ಹಟ ಬಂತು. ಅವಳು ನೇರ ಯಜಮಾನನ ಜಗಲಿಗೆ ಹೋದಳು.

“ರೈಲು ಹೋದರೆ ಗೇಟು ತೆಗೀತಾರೆ ತಾನೆ?” ಎಂದಳು.

“ತೆಗೀದೆ ಇರ್ತಾರಾ?” ಎಂದ ಯಜಮಾನ.

“ಎಷ್ಟು ದೊಡ್ಡ ರೈಲು ಹೋಗಬೇಕು?”

ಯಜಮಾನ ಬಾಯಿಗೆ ಹಾಕಿದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. “ಅದೇನೂ ಹೇಳಿಲ್ಲ,” ಎಂದ ಕೊನೆಗೆ. “ಚಿಕ್ಕದಾದರೂ ಆದೀತು. ಆದರೆ ಅದೇ ರೈಲಾಗಿರಬೇಕು ಕಣಮ್ಮ. ಬೇರೆ ಯಾವುದನ್ನೋ ಎಳಕೊಂಡು ಹೋಗಿ ರೈಲು ಹೋಯ್ತು ಅಂದ್ರೆ ಆಗಲ್ಲ.”

ಅದೇ ರೈಲು ಎಂದರೆ ಯಾವ ರೈಲು? ಬೊಂಬೆಗಾರ್ತಿಗೆ ಗೌರಿ ಮಾಡಿ ಗೊತ್ತಿತ್ತು, ಪಟ್ಟದ ಗೊಂಬೆ ಮಾಡಿ ಗೊತ್ತಿತ್ತು. ರೈಲನ್ನು ಅವಳು ಹತ್ತಿದವಳೂ ಅಲ್ಲ, ಇಳಿದವಳೂ ಅಲ್ಲ, ಕಣ್ಣಿಟ್ಟು ನೋಡಿದವಳೂ ಅಲ್ಲ. ಅವಳು ಮನೆಮನೆಗೆ ಹೋಗಿ ಕೇಳತೊಡಗಿದಳು.

ಚಹಾ ಮಾರುವವನು ಹೇಳಿದ, “ರೈಲು ಅಂದ್ರೆ ಕೈಗಳು. ಕಿಟಕಿ ತುಂಬಾ ಕೈ. ಮಿಕ್ಕಿದ್ದು ನೋಡೋಕೆ ಪುರುಸೊತ್ತು ಎಲ್ಲಿತ್ತು?” ಬಟ್ಟೆ ಒಗೆಯುವವಳು ಹೇಳಿದಳು, “ರೈಲು ಅಂದ್ರೆ ಮಸಿ. ಒಣಗಿಹಾಕಿದ್ದರ ಮೇಲೆ ಮಸಿ ಬಿತ್ತು ಅಂದ್ರೆ ಹೋಯ್ತು ಅಂತ ಲೆಕ್ಕ.” ಮೇಷ್ಟರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, “ಅದು ಯಾವತ್ತೂ ತಡವಾಗಿ ಬರ್ತಿತ್ತು. ನೀನು ಮೊದಲು ಆ ತಡವನ್ನ ಮಾಡು, ರೈಲು ತಾನಾಗಿ ಆಗುತ್ತೆ,” ಎಂದರು. ಬೊಂಬೆಗಾರ್ತಿ ಮನೆಗೆ ಬಂದು, ಮಣ್ಣಿನ ಮುದ್ದೆ ಮುಂದಿಟ್ಟುಕೊಂಡು, ತಡವನ್ನು ಯಾವ ಆಕಾರದಲ್ಲಿ ಮಾಡುವುದು ಎಂದು ಕೂತಳು. ಮಣ್ಣು ಒಣಗಿತು.

ಜನರನ್ನು ಬಿಟ್ಟು ಅವಳು ವಸ್ತುಗಳನ್ನು ಕೇಳಿದಳು. ಊರು ರೈಲುದಾರಿಯನ್ನು ಒಳಗೆ ಎಳೆದುಕೊಂಡುಬಿಟ್ಟಿತ್ತು. ಆಳುಗಳು ಏರಿಯಿಂದ ಉರುಳಿಸಿಹೋದ ಹಳಿಯಡಿಯ ದಿಮ್ಮಿಗಳು ಬಾಗಿಲುವಾಡಗಳಾಗಿದ್ದವು. ಸ್ಟೇಷನ್ನಿನ ಬೆಂಚು ಯಜಮಾನನ ಜಗಲಿಯಲ್ಲಿತ್ತು. ಟಿಕೆಟು ಕೊಡುತ್ತಿದ್ದ ಕಿಂಡಿ ಒಂದು ಕೋಳಿಗೂಡಿಗೆ ಬಾಗಿಲಾಗಿತ್ತು, ಕೋಳಿಗಳು ಒಂದೊಂದಾಗಿ, ಸಾಲು ತಪ್ಪದೆ ಅದರಿಂದ ಹೊರಬರುತ್ತಿದ್ದವು. ರೈಲಿಗೆ ಸನ್ನೆ ಕೊಡುತ್ತಿದ್ದ ಕೈಮರದ ತೋಳು ಯಾರದೋ ಹಿತ್ತಿಲ ಬಾಗಿಲಿಗೆ ಅಗುಳಿಯಾಗಿತ್ತು. ಅವಳು ಗೇಣು ಹಾಕಿ ಅಳೆದಳು, ಮೊಳ ಹಾಕಿ ಅಳೆದಳು, ಬೆರಳು ಹಾಕಿ ಅಳೆದಳು. ದಿಮ್ಮಿಯ ತುಂಡು ಬೇಡಿದರೆ ಯಾರೂ ಬಾಗಿಲು ಕಿತ್ತು ಕೊಡಲಿಲ್ಲ. ಒಬ್ಬ ಮುದುಕಿ ಮಾತ್ರ ದಿಮ್ಮಿಯಿಂದ ಮಾಡಿಸಿದ್ದ ತನ್ನ ಮಂಚದ ಒಂದು ಕಾಲು ಗರಗಸದಲ್ಲಿ ಕೊಯ್ಯಿಸಿ ಕೊಟ್ಟಳು. “ಇಟ್ಟಿಗೆ ಇಟ್ಕೋತೀನಿ ಬಿಡು. ನನ್ನ ತಂಗಿ ಆಚೆ ಇದ್ದಾಳೆ,” ಎಂದಳು.

ಆಚೆಯ ನೆನಪುಗಳನ್ನು ಮಗಳು ಕೂಡಿಸಿದಳು. ದಿನವಿಡೀ ಅಲ್ಲಿನವರನ್ನು ಕೇಳಿ ಸಂಜೆ ಗೇಟಿಗೆ ಬಂದು ಕೂಗುತ್ತಿದ್ದಳು. ತಾಯಿ ಈಚೆಯಿಂದ ತನ್ನದನ್ನು ಕೂಗುತ್ತಿದ್ದಳು. ಜನ್ಮದಲ್ಲಿ ಆ ಇಬ್ಬರೂ ಅಷ್ಟೊಂದು ಮಾತಾಡಿರಲಿಲ್ಲ. ಮೊದಲೆಲ್ಲ, ಉಂಡೆಯಾ, ಉಂಡೆ, ಜ್ವರ ಹೋಯ್ತಾ, ಹೋಯ್ತು, ಇಷ್ಟೇ ಆಗಿತ್ತು. ಈಗ ಒಂದು ರೈಲಿನ ನೆಪದಲ್ಲಿ ಗಂಟಲು ಕಟ್ಟುವ ತನಕ ಕೂಗಾಡುತ್ತಿದ್ದರು. ಬೊಂಬೆಗಾರ್ತಿಗೆ ಅದರಿಂದ ಎಷ್ಟು ಸಂತೋಷವಾಯಿತೆಂದರೆ, ಒಂದೊಂದು ಸಲ ರೈಲು ಬೇಗ ಮುಗಿಯದಿದ್ದರೇ ಚೆನ್ನ ಅನ್ನಿಸುತ್ತಿತ್ತು. ಮರುಕ್ಷಣ ಮಗಳ ಬಾಡಿದ ಮುಖ ಕಂಡು ಹೆದರಿಕೆಯಾಗುತ್ತಿತ್ತು.

ಒಂದು ಉದ್ದ ಹಲಗೆಯ ಮೇಲೆ ಅವಳು ಮಣ್ಣಿನಲ್ಲಿ ಬೆಟ್ಟ ಮಾಡಿದಳು, ಕನ್ನಡಿ ಚೂರಿನಲ್ಲಿ ಕೆರೆ ಮಾಡಿದಳು, ನಡುವೆ ಏರಿ, ಎರಡು ಗೇಟು. ಮಂಚದ ಕಾಲಿನಿಂದ ಡಬ್ಬಿಗಳನ್ನು ಕೆತ್ತಿದಳು, ಒಂದೊಂದೂ ಗೇಣುದ್ದ. ದಾರ ಸುತ್ತುವ ಮರದ ಉರುಳೆಯ ಗಾಲಿ, ಬಳೆಚೂರಿನ ದೀಪ. ಕಿಟಕಿಗಳಲ್ಲಿ ಚಹಾದವನ ಮಾತಿನಂತೆ ಬರಿಯ ಕೈಗಳನ್ನು ಇಟ್ಟಳು. ಈಚೆಯವರೆಲ್ಲ ರೈಲು ಕೆಂಪು ಎಂದಿದ್ದರು, ಆದ್ದರಿಂದ ಕೆಂಪು ಬಳಿದಳು. ಸಂಜೆ ಗೇಟಿನ ಹತ್ತಿರ ಎತ್ತಿ ಹಿಡಿದು ತೋರಿಸಿದಳು.

ಈಚೆಯವರು, “ಹಾಂ, ಇದೇ,” ಎಂದರು.

ಆಚೆಯವರು, “ಛೆ, ಇದಲ್ಲ,” ಎಂದರು. “ನಮ್ಮ ರೈಲು ಹಸಿರು.”

ಎರಡೂ ಕಡೆಯವರು ಬೈದಾಡಿಕೊಂಡರು. ಕಣ್ಣಿಗೆ ಪೊರೆ ಬಂದಿದೆಯೇ ಎಂದು ಇವರು, ತಲೆ ಕೆಟ್ಟಿದೆಯೇ ಎಂದು ಅವರು. ಬೊಂಬೆಗಾರ್ತಿ ಮನೆಗೆ ಹೋಗಿ ಹಸಿರು ಬಳಿದು ತಂದಳು. ಆಚೆಯವರು ತಲೆದೂಗಿದರು, ಈಚೆಯವರು ಉಗಿದರು. ಮತ್ತೆ ಕೆಂಪು, ಮತ್ತೆ ಹಸಿರು. ಬಣ್ಣದ ಮೇಲೆ ಬಣ್ಣ ಕೂತು ರೈಲು ದಪ್ಪವಾಯಿತು.

“ಅಮ್ಮಾ,” ಎಂದಳು ಮಗಳು ಒಂದು ಸಂಜೆ, ಏರಿಯ ಆಚೆಯಿಂದ ಬಳಲಿದ ದನಿಯಲ್ಲಿ, “ಇವರು ಯಾರೂ ಆ ಮಗ್ಗುಲು ನೋಡಿಲ್ಲ. ನಿಮ್ಮೋರು ಯಾರೂ ಈ ಮಗ್ಗುಲು ನೋಡಿಲ್ಲ.”

ಬೊಂಬೆಗಾರ್ತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಹಸಿರು ಬಳಿದಳು. ಎರಡೂ ಕಡೆಯವರು ಒಪ್ಪಿದರು. ಎದುರಿನವರು ಕೊನೆಗೂ ದಾರಿಗೆ ಬಂದರಲ್ಲ ಎಂದು ಇಬ್ಬರೂ ಬೀಗಿದರು.

ಇನ್ನು ಉಳಿದದ್ದು, ರೈಲು ಯಾವ ಕಡೆಗೆ ಹೋಗಬೇಕು ಎಂಬುದು. ಇದೊಂದು ವಿಷಯದಲ್ಲಿ ಊರಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲ. ಈಚೆಯವರೂ ಎಡಗೈ ತೋರಿಸಿದರು, ಆಚೆಯವರೂ ಎಡಗೈ ತೋರಿಸಿದರು. ಬೊಂಬೆಗಾರ್ತಿ ನಿಟ್ಟುಸಿರು ಬಿಟ್ಟು ಹಲಗೆಯ ಮುಂದೆ ಕೂತಳು. ಈಚೆ ನಿಂತು ಎಡಗೈ ಚಾಚಿದಳು, ಕೆರೆ ಸಿಕ್ಕಿತು. ಹಲಗೆಯ ಆ ಬದಿಗೆ ಹೋಗಿ ಕೂತು ಎಡಗೈ ಚಾಚಿದಳು, ಬೆಟ್ಟ ಸಿಕ್ಕಿತು. ಎದ್ದು ಈಚೆ ಬಂದಳು, ಮತ್ತೆ ಆಚೆ ಹೋದಳು. ಹಲಗೆಯನ್ನು ಹಾಗೆ ಸುಲಭವಾಗಿ ದಾಟುತ್ತಿದ್ದೇನಲ್ಲ ಎಂದು ಹೊಳೆದು ಮೈ ಜುಮ್ಮೆಂದಿತು. ಎಷ್ಟು ಸಲ ದಾಟಿದರೂ ಎಡ ಮಾತ್ರ ಒಂದಾಗಲಿಲ್ಲ.

ಅವಳು ಗೇಟಿನವನ ಬಳಿ ಹೋದಳು. ಅವನು ಎಂದಿನಂತೆ ಗೇಟಿಗೆ ಬೆನ್ನು ಕೊಟ್ಟು, ಊರಿನ ಕಡೆಗೆ ಮುಖ ಮಾಡಿ ನಿಂತಿದ್ದ.

“ಅವತ್ತು ಯಾವ ರೈಲಿಗೆ ಗೇಟು ಹಾಕಿದೆ?” ಎಂದು ಕೇಳಿದಳು. “ಕೆರೆ ಕಡೆಗೆ ಹೋಗೋದಕ್ಕಾ, ಕೆರೆ ಕಡೆಯಿಂದ ಬರೋದಕ್ಕಾ?”

“ಗಂಟೆ ಹೊಡೀತು, ಹಾಕಿದೆ. ಯಾವ ರೈಲು ಅಂತ ಗಂಟೆ ಹೇಳುತ್ತಾ?”

“ನೀನು ಇಷ್ಟು ಕಾಲ ರೈಲು ನೋಡಿದೋನು.”

“ನಾನಾ?” ಗೇಟಿನವನು ಅವಳನ್ನು ದಿಟ್ಟಿಸಿದ. “ನಾನು ಒಂದು ದಿನವೂ ನೋಡಿಲ್ಲ. ನನ್ನ ಕೆಲಸ ಜನಾನ ತಡೆಯೋದು. ಜನದ ಕಡೆ ಮುಖ ಮಾಡಿ ನಿಲ್ಲಬೇಕು. ರೈಲು ಬೆನ್ನ ಹಿಂದೆ ಹೋಗ್ತಿತ್ತು, ಗಾಳಿ ಹೊಡೀತಿತ್ತು.”

“ಮತ್ತೆ ಹೋಯ್ತು ಅಂತ ನಿನಗೆ ಹೇಗೆ ಗೊತ್ತಾಗ್ತಿತ್ತು?”

“ನಿಮ್ಮ ಮುಖ ನೋಡಿ. ಎಲ್ಲರ ತಲೆ ಒಟ್ಟಿಗೆ ಬಲದಿಂದ ಎಡಕ್ಕೆ ತಿರುಗ್ತಿತ್ತು. ಕಣ್ಣಿಗೆ ಕಾಣದ ಹಾಗಾದ ಮೇಲೆ ಎಲ್ಲರ ತಲೆ ನೆಟ್ಟಗಾಗ್ತಿತ್ತು. ಆಗ ತೆಗೀತಿದ್ದೆ. ಅವತ್ತು ನೀವೆಲ್ಲ ಬಲಕ್ಕೆ ನೋಡ್ತಾ ನಿಂತಿರಿ. ಇವತ್ತಿಗೂ ಹಾಗೇ ನಿಲ್ತೀರಿ. ನಾನೇನು ಮಾಡ್ಲಿ?”

ಬೊಂಬೆಗಾರ್ತಿ ಕೂಗಿ ಮಗಳನ್ನು ಕೇಳಿದಳು, ಮಗಳು ಗೇಟಿನವಳನ್ನು ಕೇಳಿ ಬಂದು ಕೂಗಿದಳು. ಅವಳೂ ರೈಲು ನೋಡಿದವಳಲ್ಲ. ಅವಳೂ ಬೆನ್ನು ಕೊಟ್ಟು ನಿಲ್ಲುವವಳು. ಅವಳ ಮುಂದಿನ ಜನವೂ ಅವತ್ತಿನಿಂದ ಬಲಕ್ಕೇ ನೋಡುತ್ತ ನಿಂತಿತ್ತು. ಈಚೆಯವರದು ಕಳಿಸಿಕೊಡುವ ಊರು, ಮೂಟೆ ಕಟ್ಟಿಕೊಂಡು ಹೋಗುವ ರೈಲಿಗೆ ನಿಂತವರು. ಆಚೆಯವರದು ಕಾಯುವ ಊರು, ಯಾರೋ ಬರುತ್ತಾರೆಂದು ಬರುವ ರೈಲಿಗೆ ನಿಂತವರು. ಒಂದೇ ಗಂಟೆಗೆ ಇವರು ಒಂದು ರೈಲು ಅಂದುಕೊಂಡರು, ಅವರು ಇನ್ನೊಂದು ರೈಲು ಅಂದುಕೊಂಡರು. ಇಷ್ಟು ತಿಳಿದ ಮೇಲೆ ಬೊಂಬೆಗಾರ್ತಿಗೆ ತಲೆ ಹಗುರಾಗಬೇಕಿತ್ತು, ಮತ್ತಷ್ಟು ಕಲಸಿತು. ಕೊನೆಗೆ ಒಂದೇ ದಾರಿ ಕಂಡಿತು. ರೈಲು ಹೋಗಬೇಕು, ಅದೇ ಉಸಿರಿನಲ್ಲಿ ವಾಪಸು ಬರಬೇಕು. ಹೋದದ್ದಕ್ಕೆ ಈಚೆಯ ಗೇಟು ಏಳಬೇಕು, ಬಂದದ್ದಕ್ಕೆ ಆಚೆಯ ಗೇಟು ಏಳಬೇಕು.

“ಎಳೆಯೋರು ಯಾರು?” ಎಂದು ಕೇಳಿದ ಯಜಮಾನ.

ಯಾರೂ ಮುಂದೆ ಬರಲಿಲ್ಲ. ಗೇಟು ಬಿದ್ದಿರುವಾಗ ಏರಿಯ ಮೇಲೆ ಕಾಲಿಡುವ ಧೈರ್ಯ ಯಾರಿಗಿತ್ತು? ಈಚೆಯ ಯಜಮಾನ ಆಚೆಯ ಯಜಮಾನನೊಂದಿಗೆ ಬಹಳ ಹೊತ್ತು ಕೂಗಾಡಿ, ಇಬ್ಬರೂ ಸೇರಿ ತೀರ್ಮಾನ ಹೇಳಿದರು. ಏರಿಯ ಮೇಲೆ ಇರತಕ್ಕದ್ದು ರೈಲು ಮಾತ್ರ. ಆದ್ದರಿಂದ ಎಳೆಯುವವರನ್ನೂ ರೈಲೆಂದೇ ಎಣಿಸತಕ್ಕದ್ದು. ಹೀಗೆಂದರೆ ಕಟ್ಟಳೆ ಮುರಿಯುವುದಿಲ್ಲ.

“ನಾನೇ ಎಳೀತೀನಿ,” ಎಂದಳು ಬೊಂಬೆಗಾರ್ತಿ. ರೈಲೆಂದು ಎಣಿಸಿದರೆ ಎಣಿಸಲಿ, ಹೆಸರಿನಿಂದ ಏನು ಹೋಗುತ್ತದೆ ಎಂದುಕೊಂಡಳು. ಅವಳ ಕಿವಿ ಆಗ ಆಚೆಯ ಕಡೆಗಿತ್ತು. ಮಗಳು ಆ ಸಂಜೆ ಕೂಗಿರಲಿಲ್ಲ, ನೆರೆಯವಳು ಕೂಗಿದ್ದಳು, “ಇವತ್ತೋ ನಾಳೆಯೋ ಅನ್ನೋ ಹಾಗಿದೆ ಕಣೇ.”

ಮಾರನೆಯ ದಿನ ಅವಳು ಮನೆ ಸಾರಿಸಿದಳು. ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ಹಳೆಯ ಮೆತ್ತನೆಯ ಸೀರೆಗಳನ್ನು ಮಡಚಿ ಮಂಚದ ಮೇಲಿಟ್ಟಳು. ಬಾಗಿಲು ತೆರೆದೇ ಬಿಟ್ಟು, ರೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಟ್ಟದ ಇಕ್ಕಟ್ಟಿಗೆ ನಡೆದಳು. ಅಲ್ಲಿ ಏರಿ ಹತ್ತಿ, ರೈಲನ್ನು ಜಲ್ಲಿಯ ಮೇಲಿಟ್ಟು, ಹಗ್ಗ ಹಿಡಿದು ಸಂಜೆಗೆ ಕಾದಳು.

ಹೊತ್ತಾಯಿತು. ಅವಳು ಎಳೆಯತೊಡಗಿದಳು.

ಬೆಟ್ಟದ ಮರೆಯಿಂದ ಹೊರಬಂದಾಗ ಎರಡೂ ಕಡೆಯ ಜನ ಕಂಡರು. ಗೇಟು ಬಿದ್ದ ಮೇಲೆ ಮೊದಲ ಸಲ ಆಚೆಯವರೆಲ್ಲ ಅವಳಿಗೆ ಪೂರ್ತಿಯಾಗಿ, ಪಾದದವರೆಗೆ ಕಂಡರು. ಗಾಲಿಗಳು ಜಲ್ಲಿಯ ಮೇಲೆ ಕಟಕಟ ಎಂದವು. ಆಚೆಯ ಗೇಟಿನ ಮುಂದೆ ನೆರೆಯವಳ ಹೆಗಲಿಗೆ ಒರಗಿ ಮಗಳು ನಿಂತಿದ್ದಳು, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಬೊಂಬೆಗಾರ್ತಿಗೆ ಅಲ್ಲೇ ಹಗ್ಗ ಬಿಟ್ಟು ಇಳಿದು ಓಡಬೇಕೆನ್ನಿಸಿತು. ಆದರೆ ರೈಲು ನಿಂತರೆ ತಲೆಗಳು ನಿಲ್ಲುತ್ತವೆ, ತಲೆಗಳು ನಿಂತರೆ ಗೇಟು ಏಳುವುದಿಲ್ಲ. ಅವಳು ಕಣ್ಣನ್ನು ಮಗಳಿಂದ ಕಿತ್ತು ಮುಂದೆ ನೋಡಿದಳು. ಒಂದು ಡಬ್ಬಿ ಕಲ್ಲಿಗೆ ತಾಕಿ ವಾಲಿತು, ಜನ ಉಸಿರು ಹಿಡಿದರು, ಡಬ್ಬಿ ಹಾಗೇ ಸರಿಯಾಯಿತು.

ಅವಳು ಕೆರೆಯ ತಿರುವಿನಲ್ಲಿ ಮರೆಯಾದಳು. ಹಿಂದೆ ಈಚೆಯ ಗೇಟು ಕಿರ್ರೆಂದು ಏಳುವುದು ಕೇಳಿಸಿತು. ಅಷ್ಟು ಕಾಲ ಬಿದ್ದಿದ್ದ ಕಬ್ಬಿಣ ಏಳುವುದನ್ನು ಮರೆತಿರಲಿಲ್ಲ. ಅವಳು ಹಗ್ಗವನ್ನು ರೈಲಿನ ಆ ತುದಿಯಿಂದ ಬಿಚ್ಚಿ ಈ ತುದಿಗೆ ಕಟ್ಟಿದಳು. ಮತ್ತೆ ಊರ ನಡುವೆ ಬಂದಳು. ಈಗ ಆಚೆಯ ತಲೆಗಳು ಬಲದಿಂದ ಎಡಕ್ಕೆ ತಿರುಗಿದವು. ಗೇಟಿನವಳು ಬೆನ್ನು ಕೊಟ್ಟು ನಿಂತು ಅವರ ಮುಖಗಳನ್ನೇ ನೋಡುತ್ತಿದ್ದಳು. ಬೊಂಬೆಗಾರ್ತಿ ಮಗಳ ಮುಂದೆ ಎರಡನೇ ಸಲ ಹಾದಳು. ಮಗಳ ತಲೆಯೂ ಎಲ್ಲರ ತಲೆಯಂತೆ ನಿಧಾನವಾಗಿ ತಿರುಗಿತು. ಕಟ್ಟಳೆಯೇ ಹಾಗೆ, ತಾಯಿ ಎಂದು ತಲೆ ನಿಲ್ಲಿಸಿಕೊಳ್ಳುವಂತಿರಲಿಲ್ಲ.

ಬೆಟ್ಟದ ಇಕ್ಕಟ್ಟಿನೊಳಗೆ ಬಂದು ಅವಳು ನಿಂತಳು. ಆಚೆಯ ಗೇಟು ಎದ್ದ ಸದ್ದು ಬಂತು. ಆಮೇಲೆ ಒಂದು ಗದ್ದಲ ಎದ್ದಿತು. ಓಡುವ ಕಾಲುಗಳು, ಹೆಸರು ಹಿಡಿದು ಕರೆಯುವ ದನಿಗಳು, ಮುದುಕಿಯರ ಅಳು. ಕೂಗಿನ ಸಂಸಾರದ ಗಂಡ ಮೊದಲ ಸಲ ಮೆಲ್ಲಗೆ ಮಾತಾಡಿದ್ದು ಮಾತ್ರ ಇಲ್ಲಿಗೆ ಕೇಳಿಸಲಿಲ್ಲ. ಗೇಟಿನವನೂ ಗೇಟಿನವಳೂ ತಮ್ಮ ತಮ್ಮ ಗೇಟು ಬಿಟ್ಟು ಕದಲುವಂತಿರಲಿಲ್ಲ. ಅವರಿಬ್ಬರು ನಿಂತಲ್ಲೇ ಒಮ್ಮೆ ತಿರುಗಿ ನೋಡಿಕೊಂಡರೆಂದು ಆಮೇಲೆ ಜನ ಹೇಳಿದರು.

ಬೊಂಬೆಗಾರ್ತಿ ಒಂದು ಹೆಜ್ಜೆ ಊರ ಕಡೆಗೆ ಇಟ್ಟಳು. ಇಟ್ಟವಳು ಅಲ್ಲೇ ನಿಂತಳು. ತಾನು ಕಂಡರೆ ತಲೆಗಳು ತಿರುಗುತ್ತವೆ. ತಲೆಗಳು ತಿರುಗಿದರೆ ರೈಲು ಬಂತೆಂದು ಗೇಟು ಬೀಳುತ್ತದೆ. ದಾಟುತ್ತಿರುವವರು ಅರ್ಧದಲ್ಲಿ ನಿಲ್ಲುತ್ತಾರೆ. ಮಗಳು ಈಗ ಎಲ್ಲಿದ್ದಾಳೋ, ಏರಿ ಹತ್ತುತ್ತಿದ್ದಾಳೋ, ಇಳಿಯುತ್ತಿದ್ದಾಳೋ. ಎಳೆಯುವವರನ್ನೂ ರೈಲೆಂದು ಎಣಿಸತಕ್ಕದ್ದು ಎಂದು ಯಜಮಾನರು ಹೇಳಿದ್ದು ಆಗ ಅವಳಿಗೆ ಅರ್ಥವಾಯಿತು. ಗೇಟು ತೆಗೆಸುವವಳು ಗೇಟು ತೆಗೆದಾಗ ಅಲ್ಲಿ ಇರುವಂತಿಲ್ಲ. ಮಗಳು ತವರಿಗೆ ಹೋಗುತ್ತಾಳೆ, ತೆರೆದ ಬಾಗಿಲು, ಕಾದ ನೀರು, ಮಡಚಿದ ಸೀರೆ ಎಲ್ಲ ಇರುತ್ತದೆ, ತಾಯಿ ಇರುವುದಿಲ್ಲ. ಇಷ್ಟೆಲ್ಲ ಅಳೆದು, ಕೇಳಿ, ಕೆತ್ತಿ, ಬಳಿದು, ಕೊನೆಗೆ ತಾನು ಯಾವ ಮಗ್ಗುಲಿಗೂ ಸೇರದ ಕಡೆ ನಿಂತಿದ್ದೇನೆ. ಅವಳಿಗೆ ಇದು ಸರಿಯೋ ತಪ್ಪೋ ತಿಳಿಯಲಿಲ್ಲ. ಅಳಬೇಕೋ ಬೇಡವೋ ಅದೂ ತಿಳಿಯಲಿಲ್ಲ. ಮರೆಯಲ್ಲಿ ಬಂಡೆಗೆ ಆತು ನಿಂತು, ಗದ್ದಲದಲ್ಲಿ ಒಂದು ದನಿಯನ್ನು ಹುಡುಕುತ್ತ, ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಲೇ ಇದ್ದಳು.

ಜಲ್ಲಿ ಸದ್ದಾಯಿತು. ಯಾರೋ ದಾರಿಯ ಉದ್ದಕ್ಕೆ, ನಿಂತು ನಿಂತು, ಭಾರವಾಗಿ ನಡೆದು ಬರುತ್ತಿದ್ದರು.

ಇಕ್ಕಟ್ಟಿನ ಬಾಯಿಯಲ್ಲಿ ಮಗಳು ಕಾಣಿಸಿಕೊಂಡಳು. ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಕೈಯಿಂದ ನೆರೆಯವಳನ್ನು ಹಿಡಿದಿದ್ದಳು. ನೆರೆಯವಳ ಹೆಗಲ ಮೇಲೆ ಮಡಚಿದ ಸೀರೆ ಇತ್ತು.

“ಮನೆ ತಾವ ಹೋಗಿದ್ವಿ,” ಎಂದಳು ನೆರೆಯವಳು. “ಒಳಕ್ಕೆ ಬರಲೇ ಇಲ್ಲ ಕಣೆ ಇವಳು. ಯಾರೂ ಇಲ್ಲದ್ದು ತವರಾ ಅಂದ್ಲು. ಇವಳ ಹಟ ನಂದಲ್ಲ, ನಿಂದೇ.” ಆಮೇಲೆ ಮಗಳ ಕೈಯನ್ನು ಬೊಂಬೆಗಾರ್ತಿಯ ಕೈಯಲ್ಲಿ ಇಟ್ಟು ಪಕ್ಕಕ್ಕೆ ಸರಿದಳು.

ಮಗಳೊಡನೆ ಕೂಗುವುದೊಂದೇ ಗೊತ್ತಿದ್ದ ಬೊಂಬೆಗಾರ್ತಿಯ ಗಂಟಲಿಗೆ ಇಷ್ಟು ಹತ್ತಿರದಲ್ಲಿ ಹೇಗೆ ಮಾತಾಡುವುದೆಂದು ತೋಚಲಿಲ್ಲ. ಮಗಳ ಕೈ ಬಿಸಿಯಾಗಿತ್ತು. ನೋವು ಬಂದಾಗ ಅದು ಬಿಗಿಯಾಗುತ್ತಿತ್ತು, ಹೋದಾಗ ಸಡಿಲವಾಗುತ್ತಿತ್ತು. ಮಗಳು ನೋವಿನ ನಡುವೆಯೂ ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ನೋಡಲು ಅವಳು ತಲೆ ತಗ್ಗಿಸಬೇಕಾಗಿತ್ತು.

“ಅಮ್ಮಾ,” ಎಂದಳು, “ನೀನು ಇಷ್ಟೇ ಎತ್ತರನಾ? ನಾನು ಭಾರೀ ಆಳು ಅಂದ್ಕೊಂಡಿದ್ದೆ.”

“ಗೇಟಿನ ಹತ್ರ ಕಲ್ಲಿನ ಮೇಲೆ ನಿಂತ್ಕೋತಿದ್ದೆ ಮಗಾ,” ಎಂದಳು ಬೊಂಬೆಗಾರ್ತಿ. “ನಿನಗೆ ಕಾಣಲಿ ಅಂತ.”